ಕಿಲ್ಲಾರಿಯಲ್ಲಿ ಮನೆ ಬಂತು, ಓಣಿ ಬರಲಿಲ್ಲ

ಸಂಪಾದಕರೇ,

ಪ್ರತಿ ವರ್ಷ ಸೆಪ್ಟೆಂಬರ್ 30 ಬಂದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಭೂಕಂಪದ ಹಳೇ ಫೋಟೊ ಒಂದು ಪತ್ರಿಕೆಯಲ್ಲಿ ಬರುತ್ತದೆ, ಸತ್ತವರ ಲೆಕ್ಕ ಬರುತ್ತದೆ, ಮಾರನೇ ದಿನ ಎಲ್ಲ ಮರೆತು ಹೋಗುತ್ತದೆ. ಆಮೇಲೆ ಅಲ್ಲಿ ಊರು ಹೇಗೆ ಕಟ್ಟಿದರು, ಅದರಲ್ಲಿ ಜನ ಹೇಗೆ ಬಾಳಿದರು ಅನ್ನೋದು ಸುದ್ದಿಯೇ ಅಲ್ಲ. ನನ್ನೂರು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಗಡಿಯಲ್ಲಿದೆ. ಸೋದರತ್ತೆಯನ್ನು ಕೊಟ್ಟಿದ್ದು ಮಹಾರಾಷ್ಟ್ರದ ಉಮರ್ಗಾ ಕಡೆಯ ಹಳ್ಳಿಗೆ. ನಮಗೆ ಗಡಿ ಇರೋದು ನಕ್ಷೆಯಲ್ಲಿ ಮಾತ್ರ. ಹೆಣ್ಣು ಕೊಡೋದು ತರೋದು, ಸಂತೆ, ಜಾತ್ರೆ ಎಲ್ಲ ಆ ಕಡೆ ಈ ಕಡೆ ನಡೆದೇ ಇದೆ.

1993ರಲ್ಲಿ ಗಣಪತಿ ಕಳಿಸಿ ಬಂದು ಜನ ಸುಸ್ತಾಗಿ ಮಲಗಿದ್ದ ರಾತ್ರಿ ಅದು. ನಸುಕಿನ ನಾಲ್ಕರ ಹೊತ್ತಿಗೆ ನೆಲ ನಡುಗಿತು. ಸುಮಾರು 10 ಸಾವಿರ ಜನ ಹೋದರು ಅಂತಾರೆ. ತೀವ್ರತೆ 6.2, ಅಷ್ಟಕ್ಕೆ ಇಷ್ಟು ಜನ ಸಾಯಬೇಕಿರಲಿಲ್ಲ. ಕೊಂದದ್ದು ಗೋಡೆ. ಎರಡೆರಡೂವರೆ ಅಡಿ ದಪ್ಪದ ಗೋಡೆಗೆ ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು, ಎರಡೂ ಸಾಲನ್ನು ಹಿಡಿದಿಡುವ ಉದ್ದ ಕಲ್ಲು ಒಂದೂ ಇಲ್ಲ. ಮೇಲೆ ಮಾಳಿಗೆ, ಅಂದರೆ ಮಣ್ಣಿನ ಸಪಾಟು ಛಾವಣಿ, ಸೋರಬಾರದು ಅಂತ ವರ್ಷಾ ವರ್ಷಾ ಹಾಕಿದ ಮಣ್ಣಿನ ಭಾರ ಬೇರೆ. ಕಂಬ ತೊಲೆ ಸರಿಯಾಗಿ ಕೂಡಿಸಿದ್ದ ಅಂಕಣದ ಮನೆಗಳಲ್ಲಿ ಎಷ್ಟೋ ಕಡೆ ಗೋಡೆ ಬಿದ್ದರೂ ಮಾಳಿಗೆ ಕಂಬದ ಮೇಲೇ ನಿಂತಿತ್ತು. ಇದನ್ನು ನೋಡಿಯೂ ಜನ ಕಲ್ಲು ಕಂಡರೆ ಹೆದರುವಂತಾದರು, ಕಾಂಕ್ರೀಟ್ ಒಂದೇ ಗಟ್ಟಿ ಅಂದುಕೊಂಡರು. ತಪ್ಪು ಕಲ್ಲಿನದಾ, ಕಟ್ಟಿದ ರೀತಿಯದಾ?

ಆಮೇಲೆ ವಿಶ್ವಬ್ಯಾಂಕ್ ಸಾಲ ಬಂತು, ದಾನಿಗಳು ಬಂದರು. 52 ಹಳ್ಳಿಗಳನ್ನು ಬೇರೆ ಜಾಗಕ್ಕೆ ಎತ್ತಿಟ್ಟರು. ಭೂಮಿ ಇಲ್ಲದವರಿಗೆ 250 ಚದರಡಿ ಮನೆ, ಸ್ವಲ್ಪ ಹೊಲ ಇದ್ದವರಿಗೆ 450, ಜಾಸ್ತಿ ಇದ್ದವರಿಗೆ 750. ಮನೆ ಗಟ್ಟಿಯೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅತ್ತೆಯ ಹೊಸ ಊರಿಗೆ ಮೊದಲ ಸಲ ಹೋದಾಗ ನನಗೆ ಕಲಬುರಗಿಯ ಯಾವುದೋ ಲೇಔಟಿಗೆ ಬಂದ ಹಾಗಾಯಿತು. ಸೀದಾ ಅಗಲ ರಸ್ತೆ, ಒಂದೇ ಥರದ ಮನೆಗಳ ಸಾಲು. ಎತ್ತು ಕಟ್ಟೋಕೆ ಜಾಗ ಇಲ್ಲ, ಕಾಳು ತುಂಬಿಡೋ ಹಗೇವು ಇಲ್ಲ, ಹೊಲ ದೂರ. ಹಲವು ಕಡೆ ಸಣ್ಣ ಮನೆಯವರೆಲ್ಲ ಒಂದು ಕಡೆ, ದೊಡ್ಡ ಮನೆಯವರೆಲ್ಲ ಇನ್ನೊಂದು ಕಡೆ, ಹಿಂದೆ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ನೆರೆಯವರು ಮೂಲೆಗೊಬ್ಬರಾದರು. ಅತ್ತೆ ಅಂದಿದ್ದು ಇಷ್ಟು: "ಬಾಗಿಲಾ ತೆರದ್ರ ಒಬ್ಬರ ಮಾರಿ ಕಾಣಂಗಿಲ್ಲ, ಬರೇ ಸಡಕ್ ಕಾಣ್ತದ." ಎರಡೇ ವರ್ಷದಲ್ಲಿ ಆಕೆ ಆ ಕಾಂಕ್ರೀಟ್ ಮನೆ ಮುಂದೆ ತಗಡಿನ ಶೆಡ್ ಹಾಕಿಸಿಕೊಂಡಳು, ಅಡುಗೆ, ಎಮ್ಮೆ, ಮಾತುಕತೆ ಎಲ್ಲ ಅಲ್ಲೇ. ಒಳಗೆ ಜೋಳದ ಚೀಲ.

ಅದೇ ಯೋಜನೆಯಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಜನ ಇದ್ದ ಜಾಗದಲ್ಲೇ ತಮ್ಮ ಮನೆಯನ್ನು ರಿಪೇರಿ ಮಾಡಿಸಿಕೊಂಡು ಗಟ್ಟಿ ಮಾಡಿಕೊಂಡರು, ಹಣ ಕಂತಿನಲ್ಲಿ ಅವರ ಕೈಗೇ ಬಂತು. 2001ರಲ್ಲಿ ಕಚ್ಛ್ ನಡುಗಿದಾಗ ಗುಜರಾತಿನಲ್ಲಿ ಹೆಚ್ಚು ಜನ ಆರಿಸಿಕೊಂಡಿದ್ದೂ ಈ ದಾರಿಯನ್ನೇ. ಮನೆ ಮಾಲೀಕರ ಬ್ಯಾಂಕ್ ಖಾತೆಗೆ ಕಂತಿನ ಹಣ, ಗೌಂಡಿಗಳಿಗೆ ತರಬೇತಿ, ಎಂಜಿನಿಯರ್ ಬಂದು ಕೆಲಸ ನೋಡಿದ ಮೇಲೆ ಮುಂದಿನ ಕಂತು. ಊರು ಬಿಡಬೇಕಾದ ಕಷ್ಟ ಬಹಳ ಜನಕ್ಕೆ ಬರಲೇ ಇಲ್ಲ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, 2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ನಡುಗಿತ್ತು. ಜನ ಮನೆ ಬಿಟ್ಟು ಹೊರಗೆ ಮಲಗಿದರು, ಕೆಲವರು ಊರನ್ನೇ ಬಿಟ್ಟರು. ಆಗ ಎಲ್ಲರೂ ಕೇಳಿದ್ದು ಶೆಡ್. ಶೆಡ್ ಬೇಕು ಸರಿ, ಆದರೆ ಈ ಭಾಗದ ಹಳ್ಳಿಗಳಲ್ಲಿ ಕಿಲ್ಲಾರಿಯಂಥದ್ದೇ ಗೋಡೆ, ಅಂಥದ್ದೇ ಮಾಳಿಗೆ ಇನ್ನೂ ಎಷ್ಟಿವೆ ಅಂತ ಯಾರಾದರೂ ಬಂದು ನೋಡಬೇಕಿತ್ತಲ್ವಾ? ಗೋಡೆಯಲ್ಲಿ ಅಲ್ಲಲ್ಲಿ ಕಲ್ಲು ಬಿಚ್ಚಿ ಆರಪಾರ ಕಾಂಕ್ರೀಟ್ ಕೂರಿಸೋದು, ಬಾಗಿಲಿನ ಮೇಲ್ಮಟ್ಟದಲ್ಲಿ ಮನೆ ಸುತ್ತ ಒಂದು ಪಟ್ಟಿ ಕಟ್ಟೋದು, ಮಾಳಿಗೆ ಮಣ್ಣು ಇಳಿಸಿ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ತೆಳ್ಳಗೆ ಮಣ್ಣು ಹಾಕೋದು, ಇದಕ್ಕೆ ಹೊಸ ಮನೆಯಷ್ಟು ಖರ್ಚಿಲ್ಲ. ನಮ್ಮಲ್ಲಿ ವಸತಿ ಯೋಜನೆ ಹೊಸ ಮನೆಗೆ ದುಡ್ಡು ಕೊಡುತ್ತದೆ. ಹಳೇ ಮನೆ ಗಟ್ಟಿ ಮಾಡ್ತೀನಿ ಅಂತ ನಾನು ಕಚೇರಿಗೆ ಕೇಳಲು ಹೋದರೆ, "ಅರ್ಜಿಯಲ್ಲಿ ಅಂಥದ್ದೊಂದು ಕಾಲಂ ಇಲ್ರಿ" ಅಂದರು. ಆ ಕಾಲಂ ಒಂದನ್ನು ಹಾಕಿಕೊಡಿ ಅನ್ನೋದೇ ನನ್ನ ಮನವಿ.

ನಮ್ಮನೆ ಮಾಳಿಗೆಗೆ ಈ ಸಲವೂ ಮಳೆಗಾಲಕ್ಕೆ ಮುಂಚೆ ಅಪ್ಪ ಎರಡು ಗಾಡಿ ಮಣ್ಣು ಹಾಕಿಸಿದ್ದಾರೆ. ನಾನು ಬೇಡ ಅಂದರೆ ಸುಮ್ನಿರು ಅಂತಾರೆ. ಅವರಿಗೆ ಎಂಜಿನಿಯರೇ ಬಂದು ಹೇಳಬೇಕು.

ಇಂತಿ,
ನಿಮ್ಮ ಓದುಗ, ಆಳಂದ ತಾಲ್ಲೂಕು