ಜುಲೈ 1ರಿಂದ ಹೊಸ ದರ, ಮಳೆಗಾಲದಲ್ಲಿ ವಾರ್ನಿಷ್‌ಗೆ ಬಿಡುವು: ನಮ್ಮ ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಸುತ್ತಿ ಬಳಸಿ ಹೇಳುವುದು ಬೇಡ. ಜುಲೈ 1ರಿಂದ ಎಚ್‌ಒ ಅಳತೆಯ (1:87, ಅಂದರೆ ನಿಜದ 87ನೇ ಒಂದು ಭಾಗ) ಒಂದು ಮಾಡೆಲ್ ಉಗಿ ರೈಲು ಎಂಜಿನ್ನಿಗೆ ಡೀಟೇಲಿಂಗ್ (ಸಣ್ಣಪುಟ್ಟ ಭಾಗ ಕೂರಿಸುವ ಕೆಲಸ) ಮತ್ತು ಬಣ್ಣದ ದರ 18,000 ರೂಪಾಯಿಯಿಂದ 23,500 ರೂಪಾಯಿಗೆ ಏರುತ್ತದೆ. ಚಾಸಿ, ಅಂದರೆ ಚಕ್ರ, ಮೋಟರ್ ಇರುವ ತಳಭಾಗ, ಬೇರೆ; ಅದರ ಬಿಲ್ ಮೊದಲಿನ ಹಾಗೇ ನಿಮ್ಮ ಕೈಗೇ ಕೊಡುತ್ತೇವೆ. ಎರಡನೆಯದು, ಮಳೆ ಹಿಡಿದಾಗಿನಿಂದ ದಸರಾ ಮುಗಿಯುವ ತನಕ ಯಾವ ಎಂಜಿನ್ನಿಗೂ ಕೊನೆಯ ವಾರ್ನಿಷ್ ಹೊಡೆಯುವುದಿಲ್ಲ. ಹಾಗಾಗಿ ಈ ತಿಂಗಳುಗಳಲ್ಲಿ ಬುಕ್ ಆದ ಎಂಜಿನ್ ನಿಮ್ಮ ಕೈ ಸೇರುವುದು ದೀಪಾವಳಿ ಆದಮೇಲೆ. ಮೂರನೆಯದು, ‘ಬರೀ ಕಪ್ಪು’ ಫಿನಿಶ್ ಅಂತ ಕಡಿಮೆ ದರದಲ್ಲಿ ಮಾಡಿಕೊಡುತ್ತಿದ್ದೆವಲ್ಲ, ಅದನ್ನು ನಿಲ್ಲಿಸುತ್ತಿದ್ದೇವೆ.

ಈಗಾಗಲೇ ಮುಂಗಡ ಕೊಟ್ಟವರು ಗಾಬರಿಯಾಗಬೇಡಿ. ನಿಮಗೆ ಹಳೆಯ ದರವೇ. ಒಂದು ರೂಪಾಯಿ ಜಾಸ್ತಿ ಕೇಳುವುದಿಲ್ಲ. ‘ಬರೀ ಕಪ್ಪು’ ಬುಕ್ ಮಾಡಿದವರಿಗೂ ಒಪ್ಪಿಕೊಂಡದ್ದನ್ನು ಮಾಡಿಯೇ ಕೊಡುತ್ತೇವೆ. ಮೊಮ್ಮಗನ ಹುಟ್ಟುಹಬ್ಬಕ್ಕೆ, ಅಪ್ಪನ ಎಂಬತ್ತನೇ ವರ್ಷಕ್ಕೆ ಅಂತ ದಿನ ಗುರುತು ಹಾಕಿಕೊಂಡು ಕಾಯುತ್ತಿರುವವರಿಗೆ ಈ ತಡದಿಂದ ಬೇಜಾರಾಗುತ್ತದೆ ಅಂತ ಗೊತ್ತು. ಅದಕ್ಕೆ ಮನಸಾರೆ ಕ್ಷಮೆ ಕೇಳುತ್ತೇವೆ. ದರ ಏರಿಸಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ, ಕಾರಣ ಹೇಳುತ್ತೇವೆ.

ಮೊದಲು ಸಾಮಾನಿನ ಖರ್ಚು. ಚಾಸಿ ಬಿಲ್ ಮೇಲಿನ ದರದಲ್ಲಿ ಸೇರಿಲ್ಲ, ಆದರೂ ನಿಮ್ಮ ಒಟ್ಟು ಖರ್ಚಿನಲ್ಲಿ ಅದೂ ಇರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇವೆ. ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ಎಂಜಿನ್ ಅಂದರೆ 1:87 ಅಳತೆಯಲ್ಲಿ 12 ಮಿ.ಮೀ. ಅಂತರದ ಹಳಿ. ಆ ಹಳಿಗೆ ಸರಿಹೊಂದುವ, ಸರಾಗವಾಗಿ ಓಡುವ ಚಾಸಿ ಜಪಾನಿನಿಂದಲೋ ಯುರೋಪಿನಿಂದಲೋ ಬರಬೇಕು. ವೈಪಿ ಅನ್ನುವ ಮೀಟರ್ ಗೇಜ್ ಪ್ಯಾಸೆಂಜರ್ ಎಂಜಿನ್ನಿನ ದೊಡ್ಡ ಚಕ್ರ ನಮ್ಮ ಅಳತೆಯಲ್ಲಿ 16 ಮಿ.ಮೀ.ಗೆ ಒಂದಿಷ್ಟು ಕಡಿಮೆ. ಅದೇ ಅಳತೆಯ ಚಕ್ರ ಇರುವ ಚಾಸಿ ಹುಡುಕುವುದೇ ಒಂದು ಕೆಲಸ. ಸಿಕ್ಕಿದ ಮೇಲೆ ಸುಂಕ. ಸ್ಕೇಲ್ ಮಾಡೆಲ್‌ಗಳು ಕಸ್ಟಮ್ಸ್ ಪಟ್ಟಿಯಲ್ಲಿ ಆಟಿಕೆಗಳ ಜೊತೆಗೇ ಬರುತ್ತವೆ. ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ ಶೇ. 60 ಆಯಿತು, 2023ರಲ್ಲಿ ಶೇ. 70 ಆಯಿತು. ಇದು ನಮ್ಮ ದೇಶದ ಆಟಿಕೆ ಮಾಡುವವರಿಗೆ ನೆರವಾಗಲಿ ಅಂತ ಮಾಡಿದ್ದು. ಚನ್ನಪಟ್ಟಣದವರು ನಮ್ಮ ನೆರೆಹೊರೆಯವರು, ಅವರ ಗೊಂಬೆ ನಾಲ್ಕು ಜಾಸ್ತಿ ಮಾರಾಟವಾದರೆ ನಮಗೂ ಸಂತೋಷವೇ. ಆದರೆ ಇಲ್ಲಿ ಯಾರೂ ಮಾಡದ ಒಂದು ಪುಟ್ಟ ಚಾಸಿಗೂ ಅದೇ ಸುಂಕ ಬೀಳುತ್ತದೆ. ಆ ದುಡ್ಡು ನಮ್ಮ ಜೇಬಿಗೆ ಬರುವುದಿಲ್ಲ. ಹಾಗಿದ್ದೂ ‘ನೀವು ಸುಲಿಗೆ ಮಾಡ್ತಿದ್ದೀರಿ’ ಅನ್ನೋ ಮಾತು ಕೇಳಬೇಕಾಗಿ ಬಂದಿದೆ. ನೋವಾಗಿದೆ, ಮುಚ್ಚಿಡುವುದೇಕೆ.

ಬಣ್ಣದ್ದೂ ಇದೇ ಕಥೆ. ಥಿನ್ನರ್ ಬೆರೆತ ಬಣ್ಣ ಬೇಗ ಬೆಂಕಿ ಹೊತ್ತಿಕೊಳ್ಳುವ ಸಾಮಾನು. ವಿಮಾನದ ಪಾರ್ಸೆಲ್‌ನಲ್ಲಿ ಅದನ್ನು ತೆಗೆದುಕೊಳ್ಳುವುದಿಲ್ಲ. ರಸ್ತೆ ಮೇಲೆ, ಹಡಗಿನ ಮೇಲೆ ನಿಧಾನವಾಗಿ ಬರಬೇಕು, ಒಟ್ಟಿಗೇ ಜಾಸ್ತಿ ತರಿಸಬೇಕು. ಟೆಂಡರ್ (ಎಂಜಿನ್ನಿನ ಹಿಂದಿರುವ ಕಲ್ಲಿದ್ದಲು, ನೀರಿನ ಬಂಡಿ) ಮೇಲಿನ ಬಿಳಿ ಅಕ್ಷರ, ಡ್ರೈವರ್ ನಿಲ್ಲುವ ಕ್ಯಾಬ್ ಪಕ್ಕದ ನಂಬರ್ ಇವೆಲ್ಲ ಡೀಕಾಲ್, ಅಂದರೆ ಅಚ್ಚು ಹಾಕಿ ಅಂಟಿಸುವ ಚಿತ್ರ. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಬಣ್ಣ ಅಚ್ಚಾಗುವುದೇ ಇಲ್ಲ. ಬಿಳಿ ಟೋನರ್ ಇರುವ ಕಡೆ ಕೊಟ್ಟು ಮಾಡಿಸಬೇಕು. ನಿಮ್ಮ ಎಂಜಿನ್ನಿಗೆ ಬೇಕಾಗಿರುವುದು ನಾಲ್ಕು ಅಂಕಿ, ಅವರು ಅಚ್ಚು ಹಾಕುವುದು ಇಡೀ ಹಾಳೆ. ಹಾಳೆಗೇ ದುಡ್ಡು.

ಇನ್ನು ನಾವು ಅತಿ ಹೆಚ್ಚು ಸಲ ಕೇಳಿಸಿಕೊಂಡಿರುವ ಮಾತಿಗೆ ಬರುತ್ತೇವೆ. ‘ಉಗಿ ಎಂಜಿನ್ ಅಂದ್ರೆ ಕಪ್ಪು ತಾನೇ? ಒಂದು ಸ್ಪ್ರೇ ಡಬ್ಬ ತಂದು ಹೊಡೆದರೆ ಮುಗೀತಲ್ಲ, ಅದಕ್ಕೆ ಇಷ್ಟು ದುಡ್ಡಾ, ಇಷ್ಟು ದಿನವಾ?’ ಫೋನಿನಲ್ಲಿ ಕೇಳಿದ್ದಾರೆ, ಅಂಗಡಿಗೆ ಬಂದು ಕೇಳಿದ್ದಾರೆ, ಹಳೆಯ ಗ್ರಾಹಕರೇ ಮೆಲ್ಲಗೆ ಕೇಳಿದ್ದಾರೆ. ಇದಕ್ಕೆ ನಿಧಾನವಾಗಿ ಉತ್ತರ ಕೊಡಬೇಕು ಅಂತಲೇ ಈ ಪತ್ರ ಉದ್ದವಾಗಿದೆ.

ಎಂಜಿನ್ ಕಪ್ಪು ನಿಜ. ಆದರೆ ಎಲ್ಲ ಕಡೆ ಒಂದೇ ಕಪ್ಪು ಅಲ್ಲ. ಬಾಯ್ಲರ್ ಮೇಲೆ ಶಾಖ ತಡೆಯುವ ಹೊದಿಕೆ, ಅದರ ಮೇಲೆ ತಗಡು ಇರುತ್ತದೆ. ಆ ತಗಡಿನ ಮೇಲೆ ಬಣ್ಣ ಬಾಳುತ್ತದೆ, ಒರೆಸಿದರೆ ಹೊಳೆಯುತ್ತದೆ. ಅದರ ಮುಂದಿನ ಸ್ಮೋಕ್‌ಬಾಕ್ಸ್‌ಗೆ ಆ ಹೊದಿಕೆ ಇಲ್ಲ, ಬರೀ ಉಕ್ಕು. ಒಳಗೆ ಬಿಸಿ ಹೊಗೆ, ಕೆಂಡದ ಕಿಡಿ. ಅಲ್ಲಿ ಬಣ್ಣ ಸುಟ್ಟು ಹೊಳಪು ಹೋಗಿ ಬೂದುಗಪ್ಪಾಗುತ್ತದೆ, ಕೆಳಭಾಗದಲ್ಲಿ ತುಕ್ಕಿನ ಕಂದು ಇಣುಕುತ್ತದೆ. ಇವೆರಡೂ ಸೇರುವ ಜಾಗದಲ್ಲಿ ನಿಮ್ಮ ಕಣ್ಣು ಒಂದು ಗೆರೆಯನ್ನು ಗುರುತಿಸಬೇಕು. ಅದು ಕಾಣದಿದ್ದರೆ ಇಡೀ ಎಂಜಿನ್ ಒಂದೇ ಪ್ಲಾಸ್ಟಿಕ್ ತುಂಡಿನಲ್ಲಿ ಅಚ್ಚು ಹೊಯ್ದದ್ದು ಅನ್ನಿಸುತ್ತದೆ. ಚಕ್ರ ತಿರುಗಿಸುವ ರಾಡ್‌ಗಳಿಗೆ ಬಣ್ಣವೇ ಇಲ್ಲ, ಎಣ್ಣೆ ಮೆತ್ತಿದ ಉಕ್ಕು. ಚಕ್ರದ ಕಡ್ಡಿಗಳ ನಡುವೆ ಎಣ್ಣೆಗೆ ಧೂಳು ಹತ್ತಿ ಕಿಟ್ಟ ಕಟ್ಟಿರುತ್ತದೆ. ನಮ್ಮ ಕಡೆ ಲೈನುಗಳಲ್ಲಿ ಓಡಿದ ಎಂಜಿನ್ನಿಗೆ ಕೆಳಗೆ ಕೆಂಪು ಮಣ್ಣಿನ ಛಾಯೆ ಬೇಕೇಬೇಕು.

ಇನ್ನೊಂದು ಲೆಕ್ಕ ನೋಡಿ. ಮೇಜಿನ ಮೇಲಿರುವ ಎಂಜಿನ್ನನ್ನು ಅರ್ಧ ಮೀಟರ್ ದೂರದಿಂದ ನೋಡುತ್ತೀರಿ. 1:87 ಅಳತೆಯಲ್ಲಿ ಅದು ನಿಜವಾದ ಎಂಜಿನ್ನನ್ನು ಸುಮಾರು 43 ಮೀಟರ್ ಆಚೆಯಿಂದ ನೋಡಿದ್ದಕ್ಕೆ ಸಮ. ಅಷ್ಟು ದೂರದಿಂದ ಯಾವ ಎಂಜಿನ್ನೂ ಕಡುಗಪ್ಪಾಗಿ ಕಾಣುವುದಿಲ್ಲ, ನಡುವೆ ಇರುವ ಗಾಳಿ, ಬೆಳಕು ಅದನ್ನು ತಿಳಿ ಮಾಡುತ್ತವೆ. ಡಬ್ಬದ ಕಪ್ಪನ್ನು ಹಾಗೇ ಹೊಡೆದರೆ ಪೈಪು, ವಾಲ್ವು, ಮೆಟ್ಟಿಲು ಎಲ್ಲ ಅದರಲ್ಲಿ ಮುಳುಗಿಹೋಗುತ್ತವೆ. ಅದಕ್ಕೇ ನಾವು ಕಪ್ಪಿಗೆ ಬೂದು ಸೇರಿಸುತ್ತೇವೆ. ಬಾಯ್ಲರ್‌ಗೆ ಒಂದು ಹದ, ಸ್ಮೋಕ್‌ಬಾಕ್ಸ್‌ಗೆ ಇನ್ನೊಂದು, ಕ್ಯಾಬ್ ಚಾವಣಿಗೆ ಮತ್ತೊಂದು. ಡಬ್ಬದ ಸ್ಪ್ರೇ ದಪ್ಪಗೆ ಕೂರುತ್ತದೆ, ಅದು ಇನ್ನೊಂದು ತೊಂದರೆ. ನಿಜದಲ್ಲಿ 25 ಮಿ.ಮೀ. ಇರುವ ಬೋಲ್ಟ್ ತಲೆ ನಮ್ಮಲ್ಲಿ 0.3 ಮಿ.ಮೀ.ಗೂ ಕಡಿಮೆ. ದಪ್ಪ ಬಣ್ಣ ಬಿದ್ದರೆ ಆ ಬೋಲ್ಟೇ ಕಾಣುವುದಿಲ್ಲ. ಏರ್‌ಬ್ರಷ್‌ನಲ್ಲಿ ತೆಳ್ಳಗೆ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಅಂತ ಹೊಡೆಯುವುದು ಈ ಕಾರಣಕ್ಕೆ.

ಬಣ್ಣಕ್ಕೆ ಮುಂಚಿನ ಕೆಲಸ ನಿಮಗೆ ಕಾಣುವುದೂ ಇಲ್ಲ. ಹಿತ್ತಾಳೆ ಬಾಡಿಯ ಬೆಸುಗೆಯಲ್ಲಿ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲಿ ಅಂತ ಹಚ್ಚುವ ರಾಸಾಯನಿಕ) ಅನ್ನು ಪಾತ್ರೆ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಉಜ್ಜಿ ತೊಳೆಯಬೇಕು. ಒಂದು ಮೂಲೆಯಲ್ಲಿ ಉಳಿದರೂ ಮುಂದೊಂದು ದಿನ ಅಲ್ಲಿಂದಲೇ ಬಣ್ಣ ಏಳುತ್ತದೆ. ತೊಳೆದಮೇಲೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಹಿತ್ತಾಳೆಗೆ ಮಾಮೂಲಿ ಪ್ರೈಮರ್ ಹಿಡಿಯುವುದಿಲ್ಲ, ಲೋಹವನ್ನು ಕಚ್ಚಿ ಕೂರುವ ಎಚಿಂಗ್ ಪ್ರೈಮರ್ ಬೇಕು. ಹ್ಯಾಂಡ್‌ರೈಲ್‌ಗೆ 0.4 ಮಿ.ಮೀ. ತಂತಿ ಬಳಸುತ್ತೇವೆ, ನಿಜದ ಲೆಕ್ಕದಲ್ಲಿ ಅದು ಸುಮಾರು 35 ಮಿ.ಮೀ. ದಪ್ಪ, ಕೈಯಲ್ಲಿ ಹಿಡಿಯುವ ಕಂಬಿಯ ಹಾಗೇ ಕಾಣುತ್ತದೆ. ಹೊರದೇಶದ ಬಾಡಿಯಿಂದ ಶುರು ಮಾಡಿದರೆ ಪಕ್ಕದಲ್ಲಿರುವ, ಏರ್ ಬ್ರೇಕಿಗೆ ಗಾಳಿ ತುಂಬುವ ಏರ್ ಪಂಪ್ ಕಿತ್ತು ಹಾಕಬೇಕು. ನಮ್ಮ ಉಗಿ ಎಂಜಿನ್‌ಗಳು ಬಹುಪಾಲು ವ್ಯಾಕ್ಯೂಮ್ ಬ್ರೇಕಿನವು. ಪಂಪ್ ತೆಗೆದ ಜಾಗ ತುಂಬಿ, ಬ್ರೇಕ್ ಪೈಪಿನ ಗಾಳಿ ಹೊರಗೆಳೆಯುವ ಎಜೆಕ್ಟರ್, ಅದರ ಪೈಪ್ ಕೂರಿಸಬೇಕು. ‘ಇದನ್ನೆಲ್ಲ ಯಾರು ನೋಡ್ತಾರೆ’ ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದವರು ಇದ್ದರೆ ಅವರು ಮೊದಲು ನೋಡುವುದೇ ಅದನ್ನು.

‘ಇಷ್ಟು ದುಡ್ಡು ಕೊಟ್ಟು ಕೊಳಕು ಎಂಜಿನ್ ಯಾಕೆ ತಗೋಬೇಕು’ ಅಂತಲೂ ಕೇಳುತ್ತಾರೆ. ಕೊಳಕು ಬೇಡವಾದರೆ ಬೇಡ, ಅದೂ ಸರಿಯೇ. ಪಿಒಎಚ್ (ನಿಗದಿತ ಅವಧಿಗೊಮ್ಮೆ ಮಾಡುವ ಪೂರ್ತಿ ರಿಪೇರಿ) ಮುಗಿಸಿ ಕಾರ್ಖಾನೆಯಿಂದ ಆಗಷ್ಟೇ ಹೊರಬಂದ ಎಂಜಿನ್ ಮಿರಮಿರ ಮಿಂಚುತ್ತಿತ್ತು. ಹಾಗೆ ಬೇಕು ಅಂದರೆ ಹಾಗೇ ಮಾಡಿಕೊಡುತ್ತೇವೆ, ದರ ಅಷ್ಟೇ. ಹೊಳೆಯುವ ಕಪ್ಪು ಇನ್ನೂ ಕಷ್ಟ, ಒಂದು ಧೂಳಿನ ಕಣ ಕೂತರೂ ಎದ್ದು ಕಾಣುತ್ತದೆ. ಆದರೆ ದಿನಾ ಓಡಿದ ಎಂಜಿನ್ ಬೇಕು ಅಂದವರಿಗೆ ನಾವು ಸುಮ್ನೆ ಮಸಿ ಬಳಿಯುವುದಿಲ್ಲ. ಸೇಫ್ಟಿ ವಾಲ್ವ್‌ನ ಪಕ್ಕದಲ್ಲಿ ಗಡಸು ನೀರಿನ ಸುಣ್ಣ ಇಳಿದ ಬಿಳಿ ಗೆರೆ ಇರುತ್ತದೆ. ಸಣ್ಣ ಬ್ರಷ್‌ನ ತುದಿಯಲ್ಲಿ ಒಂದು ಚುಕ್ಕೆ ತಿಳಿ ಬೂದು ಇಟ್ಟು, ಅದು ಆರುವ ಮುಂಚೆ ಥಿನ್ನರ್‌ನಲ್ಲಿ ಅದ್ದಿ ಹಿಂಡಿದ ಇನ್ನೊಂದು ಬ್ರಷ್‌ನಿಂದ ಬಾಯ್ಲರ್‌ನ ಇಳಿಜಾರಿನ ಗುಂಟ ಕೆಳಗೆ ಎಳೆಯುತ್ತೇವೆ. ಮೇಲೆ ಗಟ್ಟಿ, ಕೆಳಗೆ ಹೋಗುತ್ತಾ ಮಾಯ. ಜಾಸ್ತಿ ಆಯಿತು ಅನ್ನಿಸಿದರೆ ಇಯರ್‌ಬಡ್ ಸಾಕು. ಟೆಂಡರ್‌ನಲ್ಲಿ ಹಾಕುವುದು ನಿಜವಾದ ಕಲ್ಲಿದ್ದಲು, ಕುಟ್ಟಿ ಜರಡಿ ಹಿಡಿದದ್ದು. ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ತೊಟ್ಟು ಸೋಪು ಹಾಕಿ ಅಂಟಿಸುತ್ತೇವೆ.

‘ಬರೀ ಕಪ್ಪು’ ಫಿನಿಶ್ ನಿಲ್ಲಿಸಿದ್ದು ಯಾಕೆ ಅಂತ ಈಗ ಗೊತ್ತಾಗಿರಬೇಕು. ತೊಳೆಯುವುದು, ಪ್ರೈಮರ್, ತೆಳು ಪದರ ಇವು ಅದಕ್ಕೂ ಅಷ್ಟೇ ಬೇಕು. ಅದರಲ್ಲಿ ಕೈಬಿಡುತ್ತಿದ್ದುದು ಕೊನೆಯ ಕೆಲಸ ಮಾತ್ರ. ಹಾಗೆ ಅರ್ಧಕ್ಕೆ ಬಿಟ್ಟ ಎಂಜಿನ್ನನ್ನು ನಮ್ಮ ಅಂಗಡಿಯದು ಅಂತ ಹೊರಗೆ ಕಳಿಸಲು ಇನ್ನು ಮನಸ್ಸಿಲ್ಲ.

ಮಳೆಗಾಲದ ವಿಷಯ. ವಾರ್ನಿಷ್‌ನ ಥಿನ್ನರ್ ಬಲುಬೇಗ ಆರುತ್ತದೆ. ಆರುವಾಗ ಬಾಡಿಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಆ ತಣ್ಣನೆಯ ಮೈಮೇಲೆ ನೀರು ಕೂತು ವಾರ್ನಿಷ್‌ಗೆ ಸೇರುತ್ತದೆ. ಕಪ್ಪಿನ ಮೇಲೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಬೇರೆ ಬಣ್ಣದ ಮೇಲಾದರೆ ಹೇಗೋ ಮರೆಯಾಗಬಹುದು, ಕಪ್ಪಿನ ಮೇಲೆ ಆಗುವುದಿಲ್ಲ. ‘ತೇವ ಹೀರುವ ಮೆಷಿನ್ ಇಟ್ಕೊಳ್ಳಿ’ ಅಂತ ಹಲವರು ಹೇಳಿದ್ದಾರೆ. ಇಟ್ಟಿದ್ದೇವೆ. ಆದರೆ ಸ್ಪ್ರೇ ಮಾಡುವಾಗ ಎಕ್ಸಾಸ್ಟ್ ಫ್ಯಾನ್ ಓಡಲೇಬೇಕು, ಇಲ್ಲದಿದ್ದರೆ ಆ ಹೊಗೆಯೆಲ್ಲ ನಮ್ಮ ಹುಡುಗರ ಎದೆಗೆ ಹೋಗುತ್ತದೆ. ಫ್ಯಾನ್ ಓಡಿದರೆ ಒಣಗಿಸಿದ ಗಾಳಿ ಹೊರಗೆ, ಮಳೆಯ ಗಾಳಿ ಒಳಗೆ. ಅವರ ಆರೋಗ್ಯದ ವಿಷಯದಲ್ಲಿ ನಾವು ಚೌಕಾಸಿ ಮಾಡುವುದಿಲ್ಲ. ನೀರು ಬೆರೆಸುವ ವಾರ್ನಿಷ್ ಆಗಬಹುದಲ್ಲ ಅಂದರೆ, ಈ ಹವೆಯಲ್ಲಿ ಅದು ಬೇಗ ಒಣಗದೆ ಅಂಟಂಟಾಗಿ ಉಳಿಯುತ್ತದೆ, ಅಷ್ಟರಲ್ಲಿ ಧೂಳು ಹಿಡಿಯುತ್ತದೆ.

ಮಳೆಗಾಲದಲ್ಲಿ ಅಂಗಡಿ ಮುಚ್ಚಿರುವುದಿಲ್ಲ. ಬೆಸುಗೆ, ತಂತಿ ಕೆಲಸ, ಚಾಸಿ ಓಡಿಸಿ ನೋಡುವುದು ಎಲ್ಲ ನಡೆಯುತ್ತದೆ. ಬಂದು ನೋಡಬಹುದು. ನಿಮ್ಮ ಎಂಜಿನ್ ಬಣ್ಣ ಇಲ್ಲದೆ ಬರೀ ಹಿತ್ತಾಳೆಯಲ್ಲಿ ನಿಂತಿರುವುದನ್ನು ನೋಡಲು ಅದೇ ಒಳ್ಳೆಯ ಸಮಯ, ಒಮ್ಮೆ ಪ್ರೈಮರ್ ಬಿದ್ದರೆ ಆ ಕೆಲಸ ಮತ್ತೆ ಕಾಣುವುದಿಲ್ಲ. ದೂರದ ಊರಿನವರಿಗೆ, ಹೊರದೇಶದಲ್ಲಿ ಇರುವವರಿಗೆ ಫೋಟೋ ಕಳಿಸುತ್ತೇವೆ. ಹೊಸ ದರ ಒಟ್ಟಿಗೆ ಕೊಡಲು ಕಷ್ಟವಾದರೆ ಮೂರು ಕಂತಿನಲ್ಲಿ ಕೊಡಿ, ಬಡ್ಡಿಗಿಡ್ಡಿ ಇಲ್ಲ. ಕಾಯಲು ಆಗುವುದಿಲ್ಲ ಅನ್ನುವವರಿಗೆ ಮುಂಗಡ ಪೂರ್ತಿ ವಾಪಸ್.

ಬುಕ್ ಮಾಡುವಾಗ ಎಂಜಿನ್ನಿನ ಎರಡೂ ಪಕ್ಕದ ಫೋಟೋ ಇದ್ದರೆ ಕಳಿಸಿ. ಡ್ರೈವರ್ ಪಕ್ಕದ ಪೈಪು ಫೈರ್‌ಮನ್ ಪಕ್ಕದಲ್ಲಿ ಇರುವುದಿಲ್ಲ. ಫೋಟೋ ಇಲ್ಲದಿದ್ದರೆ ನಂಬರ್, ಶೆಡ್, ವರ್ಷ ಬರೆಯಿರಿ. ಅದೂ ಗೊತ್ತಿಲ್ಲ ಅಂದರೆ ನಿಮ್ಮ ಅಪ್ಪನೋ ತಾತನೋ ಯಾವ ಲೈನಿನಲ್ಲಿ ಕೆಲಸ ಮಾಡುತ್ತಿದ್ದರು ಅಂತ ತಿಳಿಸಿ. ಅಲ್ಲಿಂದ ಮುಂದೆ ಹುಡುಕುವುದು ನಮ್ಮ ಜವಾಬ್ದಾರಿ, ಅದಕ್ಕೆ ದರ ಇಲ್ಲ.

ಇಂತಿ ನಿಮ್ಮ,
ವರ್ಕ್‌ಶಾಪಿನ ಎಲ್ಲರೂ
ಮೈಸೂರು