ದೂರು ಪತ್ರ: ನಮ್ಮ ಕರಾಟೆ ಕ್ಲಾಸಿನ ಹೆಸರಿನಲ್ಲಿ ನಾವು ಹೇಳದ ಮಾತು

ಇವರಿಗೆ,
ವ್ಯವಸ್ಥಾಪಕರು,
ಜಾಹೀರಾತು ಏಜೆನ್ಸಿ,
ದಾವಣಗೆರೆ

ವಿಷಯ: ಒಪ್ಪಿಗೆಯಾದ ಬರಹ ಬದಲಿಸಿ ಸುಳ್ಳು ಭರವಸೆ ಅಚ್ಚು ಹಾಕಿದ್ದು, ಹೇಳಿದ ಜಾಗಗಳಲ್ಲಿ ಕರಪತ್ರ ಹಂಚದೆ ಇದ್ದದ್ದು, ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ನಾನು ನಿಟುವಳ್ಳಿಯಲ್ಲಿ ಕರಾಟೆ ಕ್ಲಾಸ್ ನಡೆಸುತ್ತೇನೆ. ಬೇಸಿಗೆ ರಜೆಯ ಶಿಬಿರಕ್ಕೆ ಅಂತ ನಿಮ್ಮ ಕಡಿಮೆ ದರದ ಪ್ಯಾಕೇಜ್ ತೆಗೆದುಕೊಂಡಿದ್ದೆ. 5,000 ಕರಪತ್ರ ಅಚ್ಚು ಹಾಕಿ ಪೇಪರ್ ಜೊತೆ ಮನೆಮನೆಗೆ ಹಾಕಿಸುವುದು, 20 ಆಟೋಗಳ ಹಿಂದೆ ಒಂದು ತಿಂಗಳು ಪೋಸ್ಟರ್. ಎಲ್ಲಾ ಸೇರಿ ರೂ. 14,500. ಪೂರ್ತಿ ಹಣ ಮೊದಲೇ ಕಟ್ಟಿದ್ದೇನೆ. ನಮ್ಮ ಹಾಲ್ ಬಾಡಿಗೆಗಿಂತ ಜಾಸ್ತಿ ಇದು. ಆದರೂ ಹಣದ ವಿಷಯ ಆಮೇಲೆ ಬರೆಯುತ್ತೇನೆ. ಮೊದಲು ಕರಪತ್ರದ ವಿಷಯ.

ನಾನು ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದರಲ್ಲಿ ಮೊದಲ ಸಾಲೇ "ಹೆಣ್ಣುಮಕ್ಕಳಿಗೆ ಪ್ರತ್ಯೇಕ ಬ್ಯಾಚ್, ಕಲಿಸುವವರು ಮಹಿಳೆ" ಅಂತ ಇತ್ತು. ನೀವು ಕಳಿಸಿದ ಪ್ರೂಫ್‌ನಲ್ಲೂ ಅದೇ ಇತ್ತು. ಅದನ್ನು ನೋಡಿಯೇ ನಾನು ಒಪ್ಪಿಗೆ ಕೊಟ್ಟೆ. ಅಚ್ಚಾಗಿ ಬಂದಾಗ ಆ ಸಾಲು ಇರಲೇ ಇಲ್ಲ. ಅದರ ಜಾಗದಲ್ಲಿ ಕೆಂಪು ಅಕ್ಷರದಲ್ಲಿ "90 ದಿನದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅಂತ ಇತ್ತು. ಕೆಳಗೆ ನನ್ನ ಫೋನ್ ನಂಬರ್.

ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳಿದರೆ, "ಮೇಡಂ, ಹಾಗೆ ಹಾಕಿದ್ರೆ ಕಾಲ್ ಜಾಸ್ತಿ ಬರುತ್ತೆ" ಅಂದರು. ಕಾಲ್ ಬಂದವು, ನಿಜ. ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದು, ಜೂನ್‌ನಲ್ಲಿ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆಲ್ಲಾ ಬ್ಲ್ಯಾಕ್ ಬೆಲ್ಟ್ ಸಿಗುತ್ತೆ ಅಲ್ವಾ ಅಂತ ಕೇಳಿದರು. ಇಲ್ಲಮ್ಮ, ವರ್ಷಗಟ್ಟಲೆ ಬೇಕು ಅಂದೆ. ಅವರು ಕರಪತ್ರ ತೆಗೆದು ತೋರಿಸಿದರು. ನನ್ನ ಮುಖ ನೋಡಿ, ಕರಪತ್ರ ನೋಡಿ, ಮಗನ ಕೈ ಹಿಡಿದು ಹೊರಟುಹೋದರು. ಅವರ ಕಣ್ಣಿಗೆ ಸುಳ್ಳು ಹೇಳಿದವಳು ನಾನೇ. ನಿಮ್ಮ ಏಜೆನ್ಸಿ ಹೆಸರು ಆ ಕಾಗದದಲ್ಲಿ ಎಲ್ಲೂ ಇಲ್ಲವಲ್ಲ.

ಈ ಸಾಲು ಯಾಕೆ ಇಷ್ಟು ದೊಡ್ಡ ತಪ್ಪು ಅಂತ ನಿಮಗೆ ಗೊತ್ತಾಗಬೇಕು. ನಮ್ಮಲ್ಲಿ ಮಗು ಬಿಳಿ ಬೆಲ್ಟ್‌ನಿಂದ ಶುರು ಮಾಡುತ್ತದೆ. ಹಳದಿ, ಕಿತ್ತಳೆ, ಹಸಿರು, ನೀಲಿ, ಆಮೇಲೆ ಕಂದು. ಕಂದಿನಲ್ಲೇ ಮೂರು ಹಂತ. ಪ್ರತಿ ಹಂತಕ್ಕೂ ಪರೀಕ್ಷೆ ಇರುತ್ತದೆ, ಕಟಾ (ಕ್ರಮವಾಗಿ ಜೋಡಿಸಿದ ಹೊಡೆತ, ತಡೆಗಳು) ಮಾಡಬೇಕು, ಕುಮಿಟೆ (ಎದುರಾಳಿ ಜೊತೆ ಸೆಣಸಾಟ) ಆಡಬೇಕು. ತಪ್ಪದೆ ಬಂದ ಮಕ್ಕಳಿಗೂ ಬ್ಲ್ಯಾಕ್ ಬೆಲ್ಟ್‌ಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಶುರುವಿನಲ್ಲಿ ನಾವು ಕಲಿಸುವುದು ಮುಷ್ಟಿ ಕಟ್ಟುವುದು. ಹೆಚ್ಚಿನ ಮಕ್ಕಳು ಹೆಬ್ಬೆರಳನ್ನು ಒಳಗೆ ಮಡಚಿಕೊಳ್ಳುತ್ತಾರೆ. ಹಾಗೆ ಗುದ್ದಿದರೆ ಪೆಟ್ಟು ಬೀಳುವುದು ಅವರ ಬೆರಳಿಗೇ. ಅದನ್ನು ಬಿಡಿಸಿ, ಸರಿಯಾಗಿ ನಿಲ್ಲುವುದು, ಬೀಳುವುದು ಕಲಿಸುವಷ್ಟರಲ್ಲೇ ತಿಂಗಳುಗಳು ಹೋಗುತ್ತವೆ. ಇದು ಗರಡಿ ಮನೆಗಳ ಊರು. ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನೋಡಿ ಬೆಳೆದ ಜನ, ಒಂದು ಪಟ್ಟು ಕೈಗೆ ಹತ್ತಲು ಎಷ್ಟು ಕಾಲ ಬೇಕು ಅಂತ ಬಲ್ಲರು. ಅಂಥವರ ಮುಂದೆ 90 ದಿನದ ಮಾತು ಇಟ್ಟರೆ ನಮ್ಮ ಕ್ಲಾಸಿಗೆ ಏನು ಬೆಲೆ ಉಳಿಯುತ್ತದೆ ಹೇಳಿ.

ಕಂದು ಬೆಲ್ಟ್‌ವರೆಗೆ ಬಂದಿರುವ ನನ್ನ ಒಬ್ಬ ವಿದ್ಯಾರ್ಥಿನಿ ಆ ಕರಪತ್ರ ಹಿಡಿದುಕೊಂಡು ಬಂದು, "ಮೇಡಂ, ಮತ್ತೆ ನಾನ್ಯಾಕೆ ಇಷ್ಟು ವರ್ಷ ಮಾಡಿದೆ?" ಅಂತ ಕೇಳಿದಳು. ಅವಳಿಗೆ ನಾನು ಉತ್ತರ ಹೇಳಿದೆ. ಆದರೆ ಆ ಪ್ರಶ್ನೆ ಅವಳ ಬಾಯಲ್ಲಿ ಬರುವಂತೆ ಮಾಡಿದ್ದು ನೀವು.

ಫೋಟೋ ಕೂಡ ತಪ್ಪು. ನೀವು ಹಾಕಿದ್ದು ಟೇಕ್ವಾಂಡೊ ಆಟಗಾರನದ್ದು, ತಲೆ ಮೇಲಿಂದ ಹಾಕಿಕೊಳ್ಳುವ ವಿ ಕುತ್ತಿಗೆಯ ಅಂಗಿ. ಕರಾಟೆ ಅಂಗಿ ಮುಂದೆ ಒಂದರ ಮೇಲೊಂದು ಬಂದು ಕಟ್ಟುವಂಥದ್ದು. ಟೇಕ್ವಾಂಡೊ ಕೊರಿಯಾದ ಕಲೆ, ಕರಾಟೆ ಜಪಾನಿನ ಓಕಿನಾವಾ ದ್ವೀಪದಿಂದ ಬಂದದ್ದು. ಜೊತೆಗೆ "ಒಲಿಂಪಿಕ್ಸ್ ತರಬೇತಿ" ಅಂತ ಬೇರೆ ಸೇರಿಸಿದ್ದೀರಿ. ಕರಾಟೆ ಒಲಿಂಪಿಕ್ಸ್‌ನಲ್ಲಿ ಇದ್ದದ್ದು ಟೋಕಿಯೊದಲ್ಲಿ ಮಾತ್ರ, 2021ರಲ್ಲಿ. 2024ರ ಪ್ಯಾರಿಸ್‌ನಲ್ಲಿ ಇರಲಿಲ್ಲ.

ಇನ್ನು ನೀವು ತೆಗೆದುಹಾಕಿದ ಸಾಲು. ಹೆಣ್ಣುಮಕ್ಕಳನ್ನು ಕಳಿಸುವ ತಾಯಂದಿರು ಫೀಸ್ ಎಷ್ಟು ಅಂತ ಕೇಳುವುದಕ್ಕೂ ಮೊದಲು ಯಾರು ಕಲಿಸುತ್ತಾರೆ, ಎಷ್ಟು ಗಂಟೆಗೆ ಬಿಡುತ್ತೀರಿ ಅಂತ ಕೇಳುತ್ತಾರೆ. ಒನಕೆ ಓಬವ್ವನ ಕೋಟೆ ಇಲ್ಲಿಂದ ಒಂದು ತಾಸಿನ ದಾರಿ. ಹಾಗಿದ್ದೂ ನಮ್ಮ ಬಡಾವಣೆಯ ಎಷ್ಟೋ ಹುಡುಗಿಯರು ಕ್ಲಾಸಿಗೆ ಗಂಡಸರೇ ಕಲಿಸುತ್ತಾರೇನೋ ಅಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ. ಅವರ ಮನೆಗೆ ಆ ಒಂದು ಸಾಲು ತಲುಪಲಿ ಅಂತಲೇ ನಾನು ಈ ಖರ್ಚಿಗೆ ಇಳಿದದ್ದು.

ಹಂಚಿದ್ದರ ಕಥೆಯೂ ಹೀಗೆಯೇ. ಕರಾಟೆ ಕ್ಲಾಸಿಗೆ ದೂರದಿಂದ ಯಾರೂ ಬರುವುದಿಲ್ಲ. ನಡೆದೋ ಸ್ಕೂಟಿಯಲ್ಲೋ ಬಿಟ್ಟುಹೋಗುವಷ್ಟು ಹತ್ತಿರದವರೇ ಬರುವುದು. ಅದಕ್ಕೇ ನಿಟುವಳ್ಳಿ, ಸರಸ್ವತಿ ನಗರ, ಕೆ.ಟಿ.ಜೆ. ನಗರ ಅಂತ ಮೂರೇ ಜಾಗ ಬರೆದುಕೊಟ್ಟಿದ್ದೆ. ನಮ್ಮ ಬೀದಿಯಲ್ಲಿ ಪೇಪರ್ ತರಿಸುವ ಮನೆಗಳಲ್ಲಿ ವಿಚಾರಿಸಿದೆ. ಒಬ್ಬರಿಗೂ ಬಂದಿಲ್ಲ. ಆಮೇಲೆ ಒಬ್ಬ ವಿದ್ಯಾರ್ಥಿಯ ತಂದೆ ಮಿರ್ಚಿ ಕಟ್ಟಿಕೊಟ್ಟ ಕಾಗದ ತಂದು ಕೊಟ್ಟರು. ಎಣ್ಣೆ ಹೀರಿದ ನಮ್ಮದೇ ಕರಪತ್ರ. ಆ ಮಂಡಕ್ಕಿ ಅಂಗಡಿಗೆ ಹೋಗಿ ನೋಡಿದರೆ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು ಹಾಗೇ ಇದ್ದವು. ಪೇಪರ್ ಒಳಗೆ ಹೋಗಿ ಬಂದ ಕಾಗದಕ್ಕೆ ಮಧ್ಯದಲ್ಲಿ ಮಡಿಕೆ ಇರುತ್ತದೆ. ಇವುಗಳಲ್ಲಿ ಒಂದು ಮಡಿಕೆಯೂ ಇರಲಿಲ್ಲ. ರದ್ದಿಯವನಿಂದ ಕೊಂಡೆ ಅಂದರು ಅಂಗಡಿಯವರು. ಅವರದೇನೂ ತಪ್ಪಿಲ್ಲ.

ಆಟೋ ಪೋಸ್ಟರ್ ಹಾಕಿದ್ದಕ್ಕೆ ನೀವು ಕಳಿಸಿದ ಫೋಟೋಗಳಲ್ಲಿ ಅದೇ ನಂಬರಿನ ಆಟೋಗಳು ಮತ್ತೆ ಮತ್ತೆ ಇವೆ. ಉಳಿದ ಪೋಸ್ಟರ್‌ಗಳನ್ನು ವಿದ್ಯುತ್ ಕಂಬಕ್ಕೂ ಸರ್ಕಾರಿ ಶಾಲೆಯ ಕಾಂಪೌಂಡಿಗೂ ಅಂಟಿಸಿದ್ದಾರೆ. ಅನುಮತಿ ಇಲ್ಲದೆ ಹಾಗೆ ಅಂಟಿಸುವುದು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಪ್ರಕಾರ ಅಪರಾಧ. ಪಾಲಿಕೆಯವರು ಫೋನ್ ಮಾಡುವುದು ಪೋಸ್ಟರ್‌ನಲ್ಲಿರುವ ನಂಬರಿಗೆ, ಅಂದರೆ ನನಗೆ. ನಾನು ಹೇಳದೇ ಇದ್ದ ಕೆಲಸಕ್ಕೆ ನಾನು ಯಾಕೆ ಉತ್ತರ ಕೊಡಬೇಕು?

ಆದ್ದರಿಂದ ಈ ಪತ್ರ ತಲುಪಿದ 15 ದಿನದೊಳಗೆ ರೂ. 14,500 ಪೂರ್ತಿ ವಾಪಸ್ ಕೊಡಿ. ಅಂಟಿಸಿದ ಪೋಸ್ಟರ್‌ಗಳನ್ನು ನಿಮ್ಮ ಖರ್ಚಿನಲ್ಲೇ ಕೀಳಿಸಿ, ಪಾಲಿಕೆ ದಂಡ ಹಾಕಿದರೆ ನೀವೇ ಕಟ್ಟಿ. ಇವೆರಡಕ್ಕಿಂತ ಮುಖ್ಯವಾದದ್ದು, ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಎಂಬ ಸಾಲನ್ನು ಕರಾಟೆ ಕ್ಲಾಸಿನವರನ್ನು ಕೇಳದೆ ಹಾಕಿದ್ದು ನಾವೇ ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ, ಸೀಲ್ ಹಾಕಿ ಕೊಡಿ. ಅದನ್ನು ಕ್ಲಾಸಿನ ಬಾಗಿಲಿಗೆ ಹಾಕುತ್ತೇನೆ, ಪೋಷಕರ ಗುಂಪಿಗೂ ಕಳಿಸುತ್ತೇನೆ. ಹೊಸ ಕರಪತ್ರ ಮಾಡಿಕೊಡುತ್ತೇವೆ ಅಂತ ನಿಮ್ಮವರು ಹೇಳಿದ್ದಾರೆ. ಅದು ಬೇಡ. ರಜೆ ಮುಗಿಯುತ್ತಾ ಬಂತು, ಈಗ ಅದರಿಂದ ಪ್ರಯೋಜನ ಇಲ್ಲ.

ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ವ್ಯಾಪಾರಕ್ಕೆ ತೆಗೆದುಕೊಂಡ ಸೇವೆ, ಅಲ್ಲಿ ನಡೆಯಲ್ಲ ಅಂತ ನಿಮ್ಮ ಆಫೀಸಿನಲ್ಲಿ ಹೇಳಿದರು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ನನ್ನ ದೂರು ನಡೆಯುತ್ತದೋ ಇಲ್ಲವೋ ಅಂತ ಆಯೋಗವೇ ಹೇಳಲಿ. ಕೊಟ್ಟ ಹಣ ರೂ. 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವೂ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಅದೇ ಕಾಯ್ದೆಯಲ್ಲಿ ರೂ. 10 ಲಕ್ಷದವರೆಗೆ ದಂಡ ಹಾಕಬಹುದು, ಪ್ರಕಟಿಸಿದವರನ್ನೂ ಅದು ಬಿಡುವುದಿಲ್ಲ.

ಹಣ ಕಟ್ಟಿದ ರಸೀದಿ, ಒಪ್ಪಿಗೆಯಾದ ಪ್ರೂಫ್, ಅಚ್ಚಾದ ಕರಪತ್ರ, ಆಟೋ ಮತ್ತು ಕಾಂಪೌಂಡ್ ಫೋಟೋಗಳ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಉತ್ತರವನ್ನು ಫೋನ್‌ನಲ್ಲಿ ಹೇಳಬೇಡಿ, ಬರೆದು ಕಳಿಸಿ.

ಇಂತಿ,
(ಸಹಿ)
ಮುಖ್ಯ ತರಬೇತುದಾರರು,
ಕರಾಟೆ ಕ್ಲಾಸ್, ನಿಟುವಳ್ಳಿ, ದಾವಣಗೆರೆ