ಒಡೆದ ಜುವೆಲ್‌ಗೆ ಹಿತ್ತಾಳೆ ಬುಶ್ ಪರಿಹಾರವಲ್ಲ

ಮಾನ್ಯ ಸಂಪಾದಕರೇ,

ಹಳೆಯ ಕಿಸೆ ಗಡಿಯಾರಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹದಲ್ಲಿ ‘ಒಳಗಿನ ಕಲ್ಲು ಒಡೆದಿದ್ದರೆ ಹಿತ್ತಾಳೆ ಬುಶ್ ಹಾಕಿಸಿದರೆ ಸಾಕು’ ಎಂದು ಒಂದು ಸಾಲಿತ್ತು. ಈ ಕಲ್ಲು, ಅಂದರೆ ಜುವೆಲ್, ಸಾಮಾನ್ಯವಾಗಿ ಚಕ್ರದ ಅಚ್ಚಿನ ತುದಿ ತಿರುಗುವ ತೂತಿರುವ ಪುಟ್ಟ ಮಾಣಿಕ್ಯ. ಬುಶ್ ಎಂದರೆ ಅದೇ ಜಾಗಕ್ಕೆ ಹಾಕುವ ಲೋಹದ ಕೊಳವೆ. ಆ ಸಾಲನ್ನು ನಂಬಿ ಯಾರಾದರೂ ಅಜ್ಜನ ಕಾಲದ ಗಡಿಯಾರವನ್ನು ರಿಪೇರಿಗೆ ಕೊಡುವ ಮುಂಚೆ ಈ ಪತ್ರ ಅವರ ಕಣ್ಣಿಗೆ ಬೀಳಲಿ ಎಂದು ಬರೆಯುತ್ತಿದ್ದೇವೆ. ಮುಂಬೈ ಕಡೆಯ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲುದಾರಿಯೂ ಮದ್ರಾಸ್ ಕಡೆಯ ದಾರಿಯೂ ರಾಯಚೂರಿನಲ್ಲಿ ಬಂದು ಕೂಡಿದ್ದು 1871ರಲ್ಲಿ. ಆಗಿನಿಂದ ರೈಲ್ವೆ ನೌಕರಿ ಮಾಡಿದವರ ಮನೆಯ ಟ್ರಂಕುಗಳಲ್ಲಿ ನಮ್ಮ ಕಡೆ ಇಂಥ ಗಡಿಯಾರ ಈಗಲೂ ಸಿಗುತ್ತವೆ.

7 ಜುವೆಲ್‌ನ ಲಿವರ್ ಗಡಿಯಾರದಲ್ಲಿ ಬ್ಯಾಲೆನ್ಸ್, ಅಂದರೆ ಹಿಂದೆ ಮುಂದೆ ಆಡಿ ಸಮಯ ಹಿಡಿಯುವ ಚಕ್ರದ ಎರಡು ತುದಿಗೆ ಎರಡು ತೂತಿನ ಕಲ್ಲು, ಅವುಗಳ ಮೇಲೆ ಎರಡು ಮುಚ್ಚುಗಲ್ಲು, ಎಸ್ಕೇಪ್ ಚಕ್ರದ ಹಲ್ಲನ್ನು ತಡೆದು ಬಿಡುವ ಪ್ಯಾಲೆಟ್‌ನಲ್ಲಿ ಎರಡು, ಬ್ಯಾಲೆನ್ಸ್ ಅಚ್ಚಿನ ಮೇಲಿನ ಬಿಲ್ಲೆಯಾದ ರೋಲರ್‌ನಲ್ಲಿ ಒಂದು. 15 ಜುವೆಲ್ ಎಂದರೆ ಪ್ಯಾಲೆಟ್ ಅಚ್ಚು, ಎಸ್ಕೇಪ್, ನಾಲ್ಕನೇ ಮತ್ತು ಮೂರನೇ ಚಕ್ರಗಳಿಗೂ ಮೇಲೆ ಕೆಳಗೆ ಕಲ್ಲು. 17 ಆದರೆ ಸಾಮಾನ್ಯವಾಗಿ ನಡುಚಕ್ರಕ್ಕೂ ಸೇರುತ್ತದೆ. ತಯಾರಕರೇ ಹಿತ್ತಾಳೆಯಲ್ಲಿ ಬಿಟ್ಟ ನಿಧಾನದ ಚಕ್ರಕ್ಕೆ ಬುಶ್ ಹಾಕುವುದರಲ್ಲಿ ತಪ್ಪೇನಿಲ್ಲ. ಆದರೆ ಬ್ಯಾಲೆನ್ಸ್ ಗಂಟೆಗೆ 18,000 ಸಲ, ದಿನಕ್ಕೆ 4,32,000 ಸಲ ಹೊಯ್ದಾಡುವ ಚಕ್ರ. ಅದರ ಅಚ್ಚಿನ ಸೂಜಿಯಂಥ ತುದಿಯ, ಅಂದರೆ ಪಿವಟ್ಟಿನ, ದಪ್ಪ 0.10ರಿಂದ 0.14 ಮಿ.ಮೀ. ಆ ಜಾಗಕ್ಕೆ ಹಿತ್ತಾಳೆ ತಡೆಯುವುದಿಲ್ಲ. ತೂತು ಬೇಗ ಮೊಟ್ಟೆಯಾಕಾರವಾಗುತ್ತದೆ. ಮಲಗಿಸಿದಾಗ ಒಂದು ಸಮಯ, ನಿಲ್ಲಿಸಿದಾಗ ಇನ್ನೊಂದು ಸಮಯ ತೋರಿಸುತ್ತದೆ.

ನಮ್ಮ ಕಡೆ ಇದಕ್ಕೆ ದೂಳೂ ಸೇರುತ್ತದೆ. ಸಂಡೂರು ಗಣಿಯ ಕೆಂಪು ದೂಳು ಹೆಮಟೈಟ್, ಅಂದರೆ ಐರನ್ ಆಕ್ಸೈಡ್. ಚಿನ್ನ ಬೆಳ್ಳಿಗೆ ಹೊಳಪು ಕೊಡುವ ರೂಜ್ ಪುಡಿಯೂ ಅದೇ. ಎಣ್ಣೆಗೆ ಈ ದೂಳು, ಜತೆಗೆ ಒಂದಿಷ್ಟು ಮರಳುದೂಳು ಬೆರೆತರೆ ತಿಕ್ಕುವ ಲೇಪವೇ ತಯಾರು. ಮೆತ್ತನೆಯ ಹಿತ್ತಾಳೆಯಲ್ಲಿ ಅದರ ಕಣ ನೆಟ್ಟುಕೊಂಡು ಕೂತು ಉಕ್ಕಿನ ಪಿವಟ್ಟನ್ನೇ ಕೊರೆಯುತ್ತದೆ. ಮಾಣಿಕ್ಯದ ಗಡಸುತನ ಮೋಸ್ ಅಳತೆಯಲ್ಲಿ 9. ಅದರಲ್ಲಿ ಕಣ ನೆಡುವುದಿಲ್ಲ.

ಕಲ್ಲು ನಿಜಕ್ಕೂ ಒಡೆದಿದೆಯೇ? ಕಲ್ಲುಗಳನ್ನು ಕೂಡಿಸಿರುವ ಲೋಹದ ತಟ್ಟೆ, ಅಂದರೆ ಪ್ಲೇಟನ್ನು, ಬಿಳಿ ಬೆಳಕಿಗೆ ಹಿಡಿದು 10 ಪಟ್ಟು ದೊಡ್ಡದಾಗಿ ತೋರಿಸುವ ಐಗ್ಲಾಸ್‌ನಲ್ಲಿ ಹಿಂದಿನಿಂದ ಬೆಳಕು ಬರುವಂತೆ ನೋಡಿದರೆ ಬಿರುಕು ಗೆರೆಯಾಗಿ ಕಾಣುತ್ತದೆ. ಒಣಗಿದ ಎಣ್ಣೆಯೂ ಹಾಗೆಯೇ ಕಾಣುವುದರಿಂದ ಮೊದಲು ಚೂಪು ಮಾಡಿದ ಪೆಗ್‌ವುಡ್ ಕಡ್ಡಿಯನ್ನು ತೂತಿನಲ್ಲಿ ತಿರುಗಿಸಿ, ಕಡ್ಡಿ ಬಿಳಿಯಾಗಿ ಹೊರಬರುವವರೆಗೆ ಒರೆಸಬೇಕು. ಒಂದು ವಿಷಯ ಗಮನಿಸಿ: ವರ್ನ್ಯೂಯಿ ವಿಧಾನದ ಕೃತಕ ಮಾಣಿಕ್ಯ ಬಂದಿದ್ದು 1902ರಿಂದ ಈಚೆಗೆ. ಅದಕ್ಕೂ ಹಿಂದಿನ ಒಳ್ಳೆಯ ಗಡಿಯಾರಗಳಲ್ಲಿ ಕಲ್ಲು ಹೆಚ್ಚಾಗಿ ತೆಳು ಗುಲಾಬಿ, ಒಂದರಂತೆ ಇನ್ನೊಂದಿಲ್ಲ. ಅವುಗಳ ನಡುವೆ ಒಂದೇ ಒಂದು ಕಡುಕೆಂಪಾಗಿದ್ದರೆ ಅದನ್ನು ಯಾರೋ ಬದಲಿಸಿದ್ದಾರೆ ಎಂದು ಶಂಕಿಸಬಹುದು. ಅಗ್ಗದವುಗಳಲ್ಲಿ ಗಾರ್ನೆಟ್ ಇರುತ್ತಿತ್ತು. ಗಡಸುತನ ಸುಮಾರು 7, ಮರಳಿನಷ್ಟೇ, ಹಾಗಾಗಿ ಸವೆಯುತ್ತದೆ.

ಕಲ್ಲು ಕೂಡಿಸಿರುವ ಬಗೆ ಮೂರು. ಅದನ್ನು ಗುರುತಿಸದೆ ಕೈಹಾಕಿದರೆ ಪ್ಲೇಟೇ ಹಾಳು.

ವಾಲ್ಥಮ್, ಎಲ್ಜಿನ್, ಹ್ಯಾಮಿಲ್ಟನ್‌ನಂಥ ಅಮೆರಿಕನ್ ಗಡಿಯಾರಗಳಲ್ಲಿ ಕಲ್ಲು ಒಂದು ಪುಟ್ಟ ಲೋಹದ ಬಳೆಯಲ್ಲಿರುತ್ತದೆ. ಎರಡು ಮೂರು ಸ್ಕ್ರೂಗಳ ತಲೆ ಅದರ ಅಂಚನ್ನು ಹಿಡಿದಿರುತ್ತದೆ. ಸ್ಕ್ರೂ ತೆಗೆದು ಚಪ್ಪಟೆ ಮಾಡಿದ ಕಡ್ಡಿಯಿಂದ ಎದುರು ಬದಿಯಿಂದ ನೇರವಾಗಿ ತಳ್ಳಬೇಕು, ಓರೆಯಾದರೆ ಬಳೆ ಸಿಕ್ಕಿಕೊಳ್ಳುತ್ತದೆ. ಹಳೆ ಎಣ್ಣೆಯಿಂದ ಅಂಟಿದ್ದರೆ ರಾತ್ರಿಯಿಡೀ ಪೆಟ್ರೋಲ್‌ನಲ್ಲಿ ನೆನೆಸಿಟ್ಟು ನೋಡಿ, ಸುತ್ತಿಗೆ ಬೇಡ. ಅದೇ ಕಂಪನಿಯ, ಅದೇ ಗ್ರೇಡಿನ ಸತ್ತ ಗಡಿಯಾರದಿಂದ ಬಳೆ ಸಮೇತ ಕಲ್ಲು ತೆಗೆದು ಹಾಕಬಹುದು. ಮೂರರಲ್ಲಿ ಇದೇ ಸುಲಭ.

ಹಳೆಯ ಸ್ವಿಸ್ ಮತ್ತು ಇಂಗ್ಲಿಷ್ ಗಡಿಯಾರಗಳದ್ದೇ ಕಷ್ಟ. ಇವುಗಳಲ್ಲಿ ಪ್ಲೇಟಿನ ಹಿತ್ತಾಳೆಯನ್ನೇ ತೆಳ್ಳಗೆ ತುಟಿಯಂತೆ ಕಡೆದು ಕಲ್ಲಿನ ಅಂಚಿನ ಮೇಲೆ ಮಡಿಸಿರುತ್ತಾರೆ. ಈ ತುಟಿಯನ್ನು, ಅಂದರೆ ಬೆಜೆಲ್ ಅನ್ನು, ಬಿಚ್ಚುವ ಎರಡು ಕಾಲಿನ ಉಪಕರಣವನ್ನು ತೂತಿನ ಮೇಲೆ ನಿಲ್ಲಿಸಿ, ತುಸು ಎಣ್ಣೆ ಬಿಟ್ಟು, ಬೆರಳಲ್ಲಿ ತಿರುಗಿಸುತ್ತ, ಒಂದೊಂದು ಸುತ್ತಿಗೂ ಚೂರೇ ಚೂರು ಅಗಲಿಸುತ್ತ ತುಟಿಯನ್ನು ನೆಟ್ಟಗೆ ನಿಲ್ಲಿಸಬೇಕು. ಒಂದೇ ಸಲಕ್ಕೆ ಎತ್ತಿದರೆ ನೂರು ವರ್ಷದ ಹಿತ್ತಾಳೆ ಸೀಳುತ್ತದೆ. ತುಟಿ ಇರುವ ಬದಿಗೇ ಕಲ್ಲು ಹೊರಬರಬೇಕು. ಅದೇ ಹೊರವ್ಯಾಸದ ಹೊಸ ಕಲ್ಲು ಕೂಡಿಸಿ, ಮುಚ್ಚುವ ಉಪಕರಣದಿಂದ ತುಟಿಯನ್ನು ಮತ್ತೆ ಹಾಗೆಯೇ ಮೆಲ್ಲಗೆ ಮಡಿಸಬೇಕು. ಬೇರೆ ಗಡಿಯಾರದಿಂದ ತೆಗೆದ ಹಳೆಯ ಕಲ್ಲನ್ನು ಹಾಕುವುದಾದರೆ ದಪ್ಪವೂ ಒಂದೇ ಇರಬೇಕು, ಇಲ್ಲವಾದರೆ ತುಟಿ ಹಿಡಿಯುವುದಿಲ್ಲ.

ಮೂರನೆಯದು ಒತ್ತಿ ಕೂಡಿಸುವ ಕಲ್ಲು. ಎಚ್‌ಎಂಟಿ ಪಾಕೆಟ್ ವಾಚ್‌ನಲ್ಲಿ ಇರುವುದು ಇದೇ. ತೂತನ್ನು ಅಳತೆಗೆ ಅಗಲಿಸುವ ರೀಮರ್‌ನಿಂದ ಕೊರೆದು, ತೂತಿಗಿಂತ 0.01 ಮಿ.ಮೀ. ದೊಡ್ಡ ಕಲ್ಲನ್ನು ಮೈಕ್ರೋಮೀಟರ್ ಇರುವ ಪ್ರೆಸ್‌ನಲ್ಲಿ ಒತ್ತುತ್ತಾರೆ, 1.00 ಕಲ್ಲಿಗೆ 0.99 ರೀಮರ್. ಇದಕ್ಕಿಂತ ಬಿಗಿಯಾದರೆ ಕಲ್ಲು ಒಡೆಯುತ್ತದೆ, ಸಡಿಲವಾದರೆ ಎಂದೋ ಒಂದು ದಿನ ಕಳಚುತ್ತದೆ. ಅದಕ್ಕೆ ಕ್ವಿಕ್ ಗಮ್ ಹಾಕುವವರಿದ್ದಾರೆ! ಗಮ್ಮಿನ ಆವಿ ಬಿಳಿ ಪೊರೆಯಾಗಿ ತೂತಿನಲ್ಲಿ ಕೂರುತ್ತದೆ. ಇಲ್ಲಿ ನಮ್ಮ ತಕರಾರು ಬೇರೆ: ತುಟಿ ಗಟ್ಟಿಯಿರುವ ಹಳೆಯ ಪ್ಲೇಟನ್ನು ಕೆಲಸ ಬೇಗ ಮುಗಿಯಲೆಂದು ರೀಮರ್‌ನಿಂದ ಕೊರೆದುಬಿಡುವುದು. ಕೊರೆದ ತುಟಿ ಮರಳಿ ಬರುವುದಿಲ್ಲ. ಅದು ಮೊದಲೇ ಮುರಿದಿದ್ದರೆ ಮಾತ್ರ ಆ ದಾರಿ ಹಿಡಿಯಬೇಕು. ಆಗಲೂ ಲೇತ್‌ನಲ್ಲಿ ಹಿತ್ತಾಳೆ ಬಳೆ ಕಡೆದು, ಅದರೊಳಗೆ ಕಲ್ಲು ಒತ್ತಿ, ಬಳೆಯನ್ನು ಪ್ಲೇಟಿಗೆ ಕೂಡಿಸಿದರೆ ಹಳೆಯ ನೋಟ ಉಳಿಯುತ್ತದೆ.

ಕಲ್ಲು ಆರಿಸುವ ಮೊದಲು ಪಿವಟ್ ನೋಡಬೇಕು. ಒಡೆದ ಕಲ್ಲಿನ ಅಂಚು ಪಿವಟ್ಟಿನಲ್ಲಿ ಗೀರು ಹಾಕಿರುತ್ತದೆ. ಮೊದಲು ಪಿವಟ್ಟನ್ನು ಬರ್ನಿಶ್ ಮಾಡಿ, ಅಂದರೆ ಉಜ್ಜಿ ನುಣುಪು ಮಾಡಿ, ಆಮೇಲೆ ಅಳೆದು, ಅದಕ್ಕಿಂತ 0.01 ಮಿ.ಮೀ. ದೊಡ್ಡ ತೂತಿನ ಕಲ್ಲು ತರಬೇಕು. ಕಲ್ಲು ತಂದ ಮೇಲೆ ಬರ್ನಿಶ್ ಮಾಡಿದರೆ ಪಿವಟ್ ಸಣ್ಣಗಾಗಿ ಅಳತೆ ತಪ್ಪುತ್ತದೆ. ಕಲ್ಲನ್ನು ಪಿವಟ್ ಮೇಲೆ ಇಟ್ಟಾಗ ಅದು ಸುತ್ತಲೂ ಸುಮಾರು 5 ಡಿಗ್ರಿ ವಾಲಬೇಕು. ಬ್ಯಾಲೆನ್ಸ್‌ನ ತೂತಿನ ಕಲ್ಲಿನ ಉಬ್ಬು ಮುಚ್ಚುಗಲ್ಲಿನ ಕಡೆಗಿರಬೇಕು. ಎರಡರ ನಡುವಿನ ಸಣ್ಣ ಸಂದಿಯೇ ಎಣ್ಣೆಯನ್ನು ನಡುವಿಗೆ ಎಳೆದು ಹಿಡಿಯುವುದು. ತಿರುವುಮುರುವಾಗಿ ಕೂಡಿಸಿದರೆ ಎಣ್ಣೆ ಅಂಚಿಗೆ ಓಡುತ್ತದೆ. ಮುಚ್ಚುಗಲ್ಲಿನಲ್ಲಿ ಪಿವಟ್ ಕೊರೆದ ಗುಳಿ ಇದ್ದರೆ ಅದನ್ನೂ ಬದಲಿಸಬೇಕು, ಇಲ್ಲವೇ ವಜ್ರದ ಪೇಸ್ಟಿನಿಂದ ಮಟ್ಟ ಮಾಡಬೇಕು. ಬ್ಯಾಲೆನ್ಸ್ ಮೇಲೆ ಕೆಳಗೆ ಆಡುವ ಸಡಿಲ 0.02ರಿಂದ 0.03 ಮಿ.ಮೀ. ಸಾಕು. ಹೊಸ ಕಲ್ಲು ಕೂಡಲೇ ಒಡೆಯುವುದಕ್ಕೆ ಮುಖ್ಯ ಕಾರಣ ಪಿವಟ್ ತೂತಿಗೆ ಇಳಿಯುವ ಮುನ್ನವೇ ಚಕ್ರವನ್ನು ಮೇಲಿಂದ ಹಿಡಿಯುವ ಪಟ್ಟಿಯಾದ ಬ್ರಿಜ್‌ನ ಸ್ಕ್ರೂ ಬಿಗಿಯುವುದು. ಚಕ್ರ ಸ್ವತಂತ್ರವಾಗಿ ಆಡುತ್ತಿದ್ದರೆ ಮಾತ್ರ ಸ್ಕ್ರೂ ತಿರುಗಿಸಬೇಕು.

ರೋಲರ್ ಮತ್ತು ಪ್ಯಾಲೆಟ್ ಕಲ್ಲುಗಳನ್ನು ಅರಗಿನಿಂದ, ಅಂದರೆ ಶೆಲ್ಯಾಕ್‌ನಿಂದ ಕೂಡಿಸಿರುತ್ತಾರೆ. ಶೆಲ್ಯಾಕ್ ಸ್ಪಿರಿಟ್‌ನಲ್ಲಿ ಕರಗುತ್ತದೆ. ಎಲ್ಲ ಭಾಗಗಳನ್ನೂ ಒಂದೇ ಬಟ್ಟಲಿನ ಸ್ಪಿರಿಟ್‌ಗೆ ಹಾಕಿ ತೊಳೆದ ಮೇಲೆ ‘ಕಲ್ಲು ಬಿದ್ದಿದೆ’ ಎನ್ನುವುದು ಇದರಿಂದಲೇ. ರೋಲರ್ ಕಲ್ಲು ಕೂಡಿಸುವಾಗ ಬ್ಯಾಲೆನ್ಸ್‌ನ ತೆಳು ಸುರುಳಿಯಾದ ಹೇರ್‌ಸ್ಪ್ರಿಂಗ್ ತೆಗೆದು, ರೋಲರನ್ನು ಹಿತ್ತಾಳೆ ಪಟ್ಟಿಯ ಮೇಲಿಟ್ಟು, ಪಟ್ಟಿಯನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸಬೇಕು. ಅರಗು ಹರಿದ ಕೂಡಲೇ ದೀಪ ದೂರ ಸರಿಸಬೇಕು. ಉಕ್ಕು ನೀಲಿಯಾದರೆ ಅತಿ ಕಾವಾಯಿತೆಂದೇ ಅರ್ಥ. ಕಲ್ಲು ನೆಟ್ಟಗೆ ನಿಂತಿರಬೇಕು, ಪ್ಯಾಲೆಟ್ ಫೋರ್ಕಿನ ಕಚ್ಚಿನಲ್ಲಿ ಹಿಡಿಯಲೂಬಾರದು, ಹೆಚ್ಚು ಆಡಲೂಬಾರದು.

ಎಣ್ಣೆ ವಾಚಿನದೇ ಆಗಿರಲಿ. ಹೊಲಿಗೆ ಯಂತ್ರದ ಎಣ್ಣೆ ನಮ್ಮ ಬೇಸಿಗೆಯಲ್ಲಿ ಹರಡಿಹೋಗುತ್ತದೆ. ಚಕ್ರಗಳ ಕಲ್ಲಿನ ಬಟ್ಟಲು ಅರ್ಧಕ್ಕಿಂತ ತುಸು ಹೆಚ್ಚು ತುಂಬಿದರೆ ಸಾಕು, ತುಂಬಿ ತುಳುಕಿದರೆ ಎಣ್ಣೆ ಪ್ಲೇಟಿಗೆ ಹರಿದು ಪಿವಟ್ ಒಣಗುತ್ತದೆ.

ಗಡಿಯಾರ ಕೊಡುವವರು ಅಂಗಡಿಯಲ್ಲಿ ಎರಡು ಮಾತು ಕೇಳಲಿ: ಕಲ್ಲು ಯಾವ ಬಗೆಯದು, ಪ್ಲೇಟ್ ಕೊರೆಯುತ್ತೀರಾ. ತೆಗೆದ ಕಲ್ಲನ್ನು ಪೊಟ್ಟಣದಲ್ಲಿ ವಾಪಸ್ ಕೇಳಿ ಪಡೆಯಲಿ. ಇನ್ನೊಂದು ಕೋರಿಕೆ, ಕೆಟ್ಟು ನಿಂತ ಕಿಸೆ ಗಡಿಯಾರವನ್ನು ಗುಜರಿಗೆ ಹಾಕಬೇಡಿ. ಬೆಳ್ಳಿಯ ಕೇಸ್ ಮಾರಿದರೂ ಒಳಗಿನ ಯಂತ್ರವನ್ನು ಒಣ ಡಬ್ಬಿಯಲ್ಲಿಟ್ಟು, ಪ್ಲೇಟಿನ ಮೇಲಿರುವ ಹೆಸರು, ಸಂಖ್ಯೆ ಬರೆದಿಟ್ಟುಕೊಂಡು, ಹಳೆ ಗಡಿಯಾರ ರಿಪೇರಿ ಮಾಡುವವರಿಗೆ ಕೊಡಿ. ಈ ಗಡಿಯಾರಗಳಿಗೆ ಹೊಸ ಬಿಡಿಭಾಗ ಈಗ ಸಿಗುವುದು ಕಷ್ಟ. ಅಳತೆಗೆ ಸರಿಹೋಗುವ ಕಲ್ಲು ಸಿಗುವುದು ಹೆಚ್ಚಾಗಿ ಅಂಥ ಕೆಟ್ಟ ಯಂತ್ರಗಳಿಂದಲೇ.

— ಹಳೆಯ ಗಡಿಯಾರಗಳ ರಿಪೇರಿಗಾರರು, ಬಳ್ಳಾರಿ